ಎಂ. ಎನ್. ಶ್ರೀನಿವಾಸ್ ಅವರ ಸುಟ್ಟ ನೋಟ್ಸ್

ಎನ್‌ಎಸ್‌ಎಸ್ ಕ್ಯಾಂಪಿಗೆ ಅಂತ ಗುಬ್ಬಿ ಹತ್ತಿರದ ಒಂದು ಹಳ್ಳಿಗೆ ಹೋಗಿದ್ವಿ. ಕೈಯಲ್ಲಿ ಇಪ್ಪತ್ತು ಪ್ರಶ್ನೆಗಳ ಗೂಗಲ್ ಫಾರ್ಮ್. ಊರಲ್ಲಿ ಜಾತಿಭೇದ ಇದೆಯಾ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಇಲ್ಲ. ಆದರೆ ಟೀ ಅಂಗಡಿಯಲ್ಲಿ ಯಾರು ಬೆಂಚಿನ ಮೇಲೆ ಕೂತರು, ಯಾರು ದೂರ ನಿಂತೇ ಕುಡಿದರು ಅನ್ನೋದನ್ನ ನಾವೇ ನೋಡಿದ್ವಿ. ಅದನ್ನ ತುಂಬೋಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲ. ತುಮಕೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲೆಲ್ಲ ಇದೇ ಮಾತು. ಕುಣಿಗಲ್ ಗೆಳೆಯನೊಬ್ಬ ಹೇಳಿದ, ಮೈಸೂರಿನ ಶ್ರೀನಿವಾಸ್ ಅವರ ಬಗ್ಗೆ ಓದಿ ಅಂತ. ಓದಿದ್ವಿ.

ಅವರು ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಬಾಂಬೆಯಲ್ಲಿ ಘುರ್ಯೆ ಅವರ ಶಿಷ್ಯ, ಆಮೇಲೆ ಆಕ್ಸ್‌ಫರ್ಡ್. 1948ರಲ್ಲಿ ಮೈಸೂರಿಗೆ ಹತ್ತಿರದ ಕೊಡಗಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇದ್ದರು. ಪುಸ್ತಕದಲ್ಲಿ ಆ ಊರಿಗೆ ರಾಮಪುರ ಅಂತ ಹೆಸರಿಟ್ಟರು. ಜನರ ಜೊತೆ ಬದುಕುತ್ತಲೇ ನೋಡುವುದು, ಬರೆದಿಡುವುದು. ಮನಶ್ಶಾಸ್ತ್ರದಲ್ಲೂ ಇರುವ ಈ ವಿಧಾನಕ್ಕೆ ಸಹಭಾಗಿ ವೀಕ್ಷಣೆ ಅಂತಾರೆ. ಪಟೇಲರ ಹತ್ತಿರ ಬರುವ ಜಗಳ, ಪಂಚಾಯ್ತಿ, ಎಲ್ಲವೂ ಡೈರಿಗೆ ಹೋಯಿತು. ತಮಾಷೆ ಅಂದರೆ ಊರೂ ಇವರನ್ನು ನೋಡುತ್ತಿತ್ತು! ಬ್ರಾಹ್ಮಣರಾಗಿ ಸ್ನಾನ ಆದಮೇಲೆ ಗಡ್ಡ ಮಾಡಿಕೊಂಡದ್ದಕ್ಕೂ ಆಕ್ಷೇಪಣೆ ಬಂತು. ನಮ್ಮ ಲ್ಯಾಬ್‌ನಲ್ಲಿ ಮೀಟರ್ ಹೀಗೆಲ್ಲ ಮಾತಾಡಲ್ಲ, ಪುಣ್ಯ.

ಸಂಸ್ಕೃತೀಕರಣ, ಪ್ರಬಲ ಜಾತಿ, ಈಗ ಟಿವಿಯಲ್ಲಿ ದಿನಾ ಕೇಳುವ ವೋಟ್ ಬ್ಯಾಂಕ್, ಇವೆಲ್ಲ ಬಳಕೆಗೆ ಬಂದದ್ದು ಅವರ ಬರವಣಿಗೆಯಿಂದ.

1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಅಲ್ಲಿನ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಜೋಡಿಸಿದ್ದ ನೋಟ್ಸಿನ ಮೂರು ಪ್ರತಿಗಳೂ ಒಂದೇ ರೂಮಿನಲ್ಲಿದ್ದವು. ಮೂರೂ ಹೋದವು. ಬ್ಯಾಕಪ್ ಇಟ್ಟೂ ಕಳೆದುಕೊಂಡವರಿಗೆ ಈ ಸಂಕಟ ಗೊತ್ತು. ಮೂಲ ಡೈರಿಗಳೇನೋ ದೆಹಲಿಯಲ್ಲಿದ್ದವು. ಆದರೆ ನೆನಪಿನಿಂದಲೇ ಬರೆಯಿರಿ ಅಂತ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸಲಹೆ ಕೊಟ್ಟರು. ಹಾಗೆ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅದನ್ನು ಓದಿದರೆ ಸುಟ್ಟುಹೋದ ನೋಟ್ಸ್ ನೆನಪಿಗೇ ಬರಲ್ಲ, ಅಷ್ಟು ಜೀವ ಇದೆ ಆ ಊರಿಗೆ. 1972ರ ಹೊತ್ತಿಗೆ ಬೆಂಗಳೂರಿಗೆ ಬಂದಿದ್ದರು, 1999ರಲ್ಲಿ ಅಲ್ಲೇ ತೀರಿಕೊಂಡರು.

ಒಂದು ವಿಷಯ ನಮಗೆ ಕಾಡಿತು. ಮೇಲ್ಜಾತಿಯವನಾಗಿ ಪಟೇಲರ ಆಶ್ರಯದಲ್ಲಿ ಇದ್ದದ್ದರಿಂದ ದಲಿತರ ಕಡೆಯಿಂದ ಊರನ್ನು ಸರಿಯಾಗಿ ನೋಡಲಾಗಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅದನ್ನು ಓದಿದ ಮೇಲೆ ನಾವು ನಮ್ಮ ಫಾರ್ಮ್ ಮತ್ತೆ ತೆಗೆದು ನೋಡಿದ್ವಿ. ಮೂವತ್ತೆರಡು ಮನೆ. ಕೆರೆ ಆಚೆಯ ಕೇರಿಯದ್ದು ಒಂದೂ ಇಲ್ಲ.