ಬಾಣಲೆ ಹಿಡಿದು ಫೋಟೋ ತೆಗೆದ ವರದಿಗಾರ

ಕಳೆದ ಸೆಮಿಸ್ಟರ್‌ನಲ್ಲಿ ಫೆಸ್ಟ್‌ಗೆ ಅಂತ ನಾವು ನಾಲ್ಕು ಜನ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಫ್ಲಾಶ್ ತಗೊಂಡ್ವಿ. ತಗೊಳ್ಳೋಕೆ ಮುಂಚೆ ಎರಡು ವಾರ ಬರೀ ಜಗಳ. ಕ್ಯಾಮೆರಾ ತಲೆ ಮೇಲೆ ಕೂರೋ ಚಿಕ್ಕದು ಸಾಕಾ, ಸ್ಟ್ಯಾಂಡ್ ಮೇಲೆ ನಿಲ್ಲಿಸೋದು ಬೇಕಾ, ಛತ್ರಿ ಒಳ್ಳೇದಾ, ಸಾಫ್ಟ್‌ಬಾಕ್ಸ್ ಒಳ್ಳೇದಾ ಅಂತ. ಆ ಜಗಳದ ಮಧ್ಯೆ ಹುಡುಕ್ತಾ ಹುಡುಕ್ತಾ ಸಿಕ್ಕವನೇ ಜೇಕಬ್ ರೀಸ್. ಎತ್ತಿಕೊಂಡು ಓಡಾಡಬಹುದಾದ ಫ್ಲಾಶನ್ನು ಬೀದಿಗೆ ತಂದ ಮೊದಲಿಗರಲ್ಲಿ ಒಬ್ಬ. ಅವನ ಹತ್ತಿರ ಬ್ಯಾಟರಿ ಇರಲಿಲ್ಲ, ಡಿಫ್ಯೂಸರ್ ಇರಲಿಲ್ಲ. ಇದ್ದದ್ದು ಅಡುಗೆಮನೆಯ ಬಾಣಲೆ.

ರೀಸ್ ಹುಟ್ಟಿದ್ದು 1849ರ ಮೇ 3ರಂದು, ಡೆನ್ಮಾರ್ಕಿನ ರೀಬೆ ಎಂಬ ಹಳೇ ಊರಲ್ಲಿ. ಅಪ್ಪ ಮೇಷ್ಟ್ರು, ಮನೆ ತುಂಬಾ ಮಕ್ಕಳು. ಮಗ ಕಲಿತದ್ದು ಬಡಗಿ ಕೆಲಸ. ಎಲಿಜಬೆತ್ ಎಂಬ ಹುಡುಗಿಯನ್ನು ಮದುವೆಯಾಗ್ತೀನಿ ಅಂತ ಕೇಳಿದ, ಅವಳು ಒಪ್ಪಲಿಲ್ಲ. 1870ರಲ್ಲಿ, 21ನೇ ವಯಸ್ಸಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿಬಿಟ್ಟ.

ಅಲ್ಲಿ ಅವನು ಮಾಡದ ಕೆಲಸ ಇಲ್ಲ. ಬಡಗಿ ಕೆಲಸ, ಇಟ್ಟಿಗೆ ಕೆಲಸ, ಇಸ್ತ್ರಿ ಪೆಟ್ಟಿಗೆ ಮಾರಾಟ. ಕೆಲಸ ಇಲ್ಲದ ದಿನ ಹಸಿವು. ಆಗ ನ್ಯೂಯಾರ್ಕಿನ ಪೊಲೀಸ್ ಠಾಣೆಗಳಲ್ಲಿ ನೆಲೆ ಇಲ್ಲದವರಿಗೆ ರಾತ್ರಿ ಮಲಗೋಕೆ ಕೋಣೆ ಕೊಡ್ತಿದ್ರು. ಹೆಸರಿಗೆ ಕೋಣೆ, ಇದ್ದದ್ದು ಬರೀ ಹಲಗೆ ಮತ್ತು ಕೊಳಕು. ಮಳೆಯ ಒಂದು ರಾತ್ರಿ ಅಂಥ ಕಡೆ ಮಲಗಿದ್ದಾಗ ಅವನ ಚಿನ್ನದ ಲಾಕೆಟ್ ಯಾರೋ ಕದ್ದರು. ದೂರು ಕೊಟ್ಟರೆ ಸಾರ್ಜೆಂಟ್ ಇವನನ್ನೇ ಕಳ್ಳ ಅಂತ ಬೈದು ಹೊರಗೆ ಹಾಕಿಸಿದ. ಹಿಂದೆ ಹಿಂದೆ ಬಂದು ಬಾಗಿಲಲ್ಲಿ ಕಾಯ್ತಿದ್ದ ಬೀದಿನಾಯಿ ಸಿಟ್ಟಿಗೆದ್ದು ಪೊಲೀಸಿನವನನ್ನು ಕಚ್ಚಿತು. ಅವನು ಅದನ್ನು ಅಲ್ಲೇ ಮೆಟ್ಟಿಲಿಗೆ ಅಪ್ಪಳಿಸಿ ಕೊಂದ. ಈ ರಾತ್ರಿಯನ್ನು ರೀಸ್ ಸಾಯೋ ತನಕ ಮರೀಲಿಲ್ಲ.

ಮುಂದಿನ ಕೆಲವು ವರ್ಷ ಬೇಗ ಹೇಳಿಬಿಡ್ತೀವಿ. ಪತ್ರಿಕೆಯಲ್ಲಿ ಕೆಲಸ ಸಿಕ್ತು. ಎಲಿಜಬೆತ್ ಮನಸ್ಸು ಬದಲಾಯಿಸಿದಳು, 1876ರಲ್ಲಿ ಮದುವೆ ಆಯ್ತು. 1877ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್‌ಗೆ ಪೊಲೀಸ್ ವರದಿಗಾರನಾದ. ಆಫೀಸು ಮಲ್ಬರಿ ಸ್ಟ್ರೀಟ್‌ನಲ್ಲಿ, ಪೊಲೀಸ್ ಹೆಡ್‌ಕ್ವಾರ್ಟರ್ಸ್ ಎದುರಿಗೇ. ಅದೇ ಬೀದಿಯ ಕೆಳಗಡೆ ಮಲ್ಬರಿ ಬೆಂಡ್ ಎಂಬ ಕೊಳೆಗೇರಿ. ಕಿಟಕಿ ಇಲ್ಲದ ಕೋಣೆಗಳಲ್ಲಿ ಇಟಲಿಯಿಂದ, ಐರ್ಲೆಂಡಿನಿಂದ ಬಂದ ಕುಟುಂಬಗಳು ಕುರಿಗಳ ಹಾಗೆ ತುಂಬಿಕೊಂಡಿದ್ದವು. ರೀಸ್ ಬರೆದ, ಮತ್ತೆ ಮತ್ತೆ ಬರೆದ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಚಿತ್ರ ತೋರಿಸೋಣ ಅಂದ್ರೆ ಒಳಗೆ ಕತ್ತಲು. ಆ ಕಾಲದ ಗಾಜಿನ ಪ್ಲೇಟಿಗೆ ಏನೂ ಕಾಣ್ತಿರಲಿಲ್ಲ.

1887ರಲ್ಲಿ ಪೇಪರ್‌ನಲ್ಲಿ ನಾಲ್ಕು ಸಾಲಿನ ಸುದ್ದಿ ಕಣ್ಣಿಗೆ ಬಿತ್ತು. ಜರ್ಮನಿಯಲ್ಲಿ ಮಿಂಚಿನ ಹಾಗೆ ಉರಿಯೋ ಪುಡಿ ಕಂಡುಹಿಡಿದಿದ್ದಾರೆ, ಕತ್ತಲಲ್ಲೂ ಫೋಟೋ ತೆಗೀಬಹುದು ಅಂತ. ಅಡಾಲ್ಫ್ ಮಿತೆ ಮತ್ತು ಯೋಹಾನೆಸ್ ಗೇಡಿಕೆ ಮಾಡಿದ ಪುಡಿ ಅದು. ಹೈಸ್ಕೂಲ್ ಲ್ಯಾಬ್‌ನಲ್ಲಿ ಮೆಗ್ನೀಸಿಯಂ ರಿಬ್ಬನ್ ಸುಟ್ಟದ್ದು ನೆನಪಿದ್ಯಲ್ಲ? ರಿಬ್ಬನ್ ನಿಧಾನಕ್ಕೆ ಉರಿಯುತ್ತೆ. ಅದೇ ಮೆಗ್ನೀಸಿಯಂ ಅನ್ನು ಪುಡಿ ಮಾಡಿ, ಆಕ್ಸಿಜನ್ ಕೊಡೋ ಪೊಟ್ಯಾಸಿಯಂ ಕ್ಲೋರೇಟ್ ಜೊತೆ ಬೆರೆಸಿದ್ರೆ ಗಾಳಿಗೆ ಕಾಯೋದೇ ಇಲ್ಲ, ಒಂದೇ ಸಲ ಭಗ್ ಅಂತ ಹೊತ್ತಿಕೊಳ್ಳುತ್ತೆ. ಮಲಗಿದ್ದವರು ಅಲುಗಾಡೋಕೆ ಮುಂಚೆ ಫೋಟೋ ಮುಗಿದಿರುತ್ತೆ.

ಆರೋಗ್ಯ ಇಲಾಖೆಯ ಡಾ. ಜಾನ್ ನೇಗಲ್ ಮತ್ತು ಇನ್ನಿಬ್ಬರು ಹವ್ಯಾಸಿ ಫೋಟೋಗ್ರಾಫರ್‌ಗಳನ್ನು ಕಟ್ಟಿಕೊಂಡು ರೀಸ್ ಮಧ್ಯರಾತ್ರಿ ಹೊರಟ. ಮೊದಮೊದಲು ಪಿಸ್ತೂಲಿನಂಥ ಸಾಧನದಿಂದ ಪುಡಿ ಹಾರಿಸ್ತಿದ್ರು. ರಾತ್ರಿ ಹನ್ನೆರಡಕ್ಕೆ ಅಪರಿಚಿತರು ಪಿಸ್ತೂಲು ಹಿಡಿದು ನುಗ್ಗಿದ್ರೆ ಜನ ಕಿಟಕಿಯಿಂದ ಹಾರದೆ ಇನ್ನೇನು ಮಾಡ್ತಾರೆ? ಆಗ ಬಂದದ್ದೇ ಬಾಣಲೆ. ಪುಡಿ ಹಾಕೋದು, ಲೆನ್ಸ್ ತೆರೆಯೋದು, ಹೊತ್ತಿಸೋದು, ಲೆನ್ಸ್ ಮುಚ್ಚೋದು. ಕೋಣೆ ತುಂಬಾ ಬಿಳಿ ಹೊಗೆ. ಎರಡನೇ ಫೋಟೋದ ಮಾತೇ ಇಲ್ಲ.

ಹವ್ಯಾಸಿಗಳಿಗೆ ನಿದ್ದೆಗೆಟ್ಟು ಸಾಕಾಯ್ತು. 1888ರಲ್ಲಿ ರೀಸ್ 25 ಡಾಲರ್ ಕೊಟ್ಟು ತಾನೇ ಕ್ಯಾಮೆರಾ ಕೊಂಡ. ಎರಡು ಸಲ ಮನೆಗೆ ಬೆಂಕಿ ಹಚ್ಚಿದ, ಒಂದು ಸಲ ತನಗೇ ಹಚ್ಚಿಕೊಂಡ. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳೀತು. ಒಮ್ಮೆ ಮಹಡಿ ಕೋಣೆಯಲ್ಲಿ ಐದು ಜನ ಕುರುಡರ ಫೋಟೋ ತೆಗೆದ. ಪುಡಿ ಹೊತ್ತಿ, ಗೋಡೆಯ ಚಿಂದಿ ಕಾಗದಕ್ಕೆ ಬೆಂಕಿ ಹತ್ತಿತು. ಅವರಿಗೆ ಅದು ಕಾಣೋದಿಲ್ಲ, ಹೊರಗೆ ಹೋಗೋಕೆ ಇದ್ದದ್ದು ಮುರುಕು ಮೆಟ್ಟಿಲು. ಅವರಿಗೆ ಹೇಳದೆ, ಒಬ್ಬನೇ ಹೇಗೋ ಆರಿಸಿದ. ಆಮೇಲೆ ಒಬ್ಬ ಪೊಲೀಸಿನವನು ಆ ಮನೆ ಹೊತ್ತಿ ಉರಿಯೋಕೂ ಆಗದಷ್ಟು ಕೊಳಕು ಅಂತ ನಕ್ಕನಂತೆ.

ಈಗ ಆ ಫೋಟೋಗಳನ್ನು ನೋಡಿದ್ರೆ ನಮ್ಮ ಜಗಳಕ್ಕೆ ಅರ್ಥ ಸಿಗುತ್ತೆ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು. ಸಾಫ್ಟ್‌ಬಾಕ್ಸ್ ಮಾಡೋದು ಇಷ್ಟೇ, ಮೂಲವನ್ನು ದೊಡ್ಡದು ಮಾಡುತ್ತೆ. ಬಾಣಲೆ ಹಾಗೆ ಮಾಡೋದಿಲ್ಲ. ಅದಕ್ಕೇ ರೀಸ್‌ನ ಚಿತ್ರಗಳಲ್ಲಿ ಮುಂದಿರೋರು ಸುಣ್ಣ ಬಳಿದಷ್ಟು ಬೆಳ್ಳಗೆ, ಹಿಂದಿನ ಗೋಡೆ ಕಪ್ಪು, ಪ್ರತಿ ಕೊಳಕೂ ಎದ್ದು ಕಾಣುತ್ತೆ. ಮೆತ್ತನೆ ಬೆಳಕು ಹಾಕಿದ್ದರೆ ಆ ಕೋಣೆಗಳು ಸುಂದರವಾಗಿ ಕಾಣ್ತಿದ್ದವೇನೋ, ಅವನ ಕೆಲಸ ಕೆಡ್ತಿತ್ತು ಅನ್ಸುತ್ತೆ.

ಆದರೆ ಅವನು ಯಾರನ್ನೂ ಕೇಳಿ ತೆಗೀತಿರಲಿಲ್ಲ, ಎಷ್ಟೋ ಸಲ. ಇದು ನಮಗೆ ಕಿರಿಕಿರಿ. ಫ್ಲಾಶ್ ತಂದ ವಾರವೇ ನಮ್ಮಲ್ಲೊಬ್ಬ ಕ್ಯಾಂಡಿಡ್ ಅಂತ, ಕುರ್ಚಿಯಲ್ಲಿ ತೂಕಡಿಸ್ತಿದ್ದ ವಾಚ್‌ಮನ್ ಅಂಕಲ್ ಮುಖಕ್ಕೆ ಹೊಡೆದ. ಅವರು ಗಾಬರಿಯಿಂದ ಎದ್ದು ಕಣ್ಣು ಮುಚ್ಚಿಕೊಂಡು ನಿಂತರು. ಕ್ಷಮೆ ಕೇಳಿ ಫೋಟೋ ಡಿಲೀಟ್ ಮಾಡಿದ್ವಿ. ರೀಸ್ ಡಿಲೀಟ್ ಮಾಡಲಿಲ್ಲ. ಅವನ ಬರವಣಿಗೆಯಲ್ಲಿ ಚೀನೀಯರ, ಯಹೂದಿಗಳ, ಇಟಾಲಿಯನ್ನರ ಬಗ್ಗೆ ಜಾತಿಗಟ್ಟಲೆ ತೀರ್ಪು ಕೊಡೋ ಮಾತುಗಳೂ ಇವೆ, ಅದನ್ನು ಮುಚ್ಚಿಡೋದು ಬೇಡ.

1890ರಲ್ಲಿ 'ಹೌ ದಿ ಅದರ್ ಹಾಫ್ ಲಿವ್ಸ್' ಪುಸ್ತಕ ಬಂತು. ಕೆಲವು ಫೋಟೋಗಳು ಹಾಫ್‌ಟೋನ್‌ನಲ್ಲಿ, ಉಳಿದವು ನೋಡಿ ಬರೆದ ಚಿತ್ರಗಳಾಗಿ. ಅದನ್ನು ಓದಿ ಥಿಯೊಡೋರ್ ರೂಸ್‌ವೆಲ್ಟ್ ಆಫೀಸಿಗೇ ಹುಡುಕಿಕೊಂಡು ಬಂದ. 1895ರಲ್ಲಿ ಪೊಲೀಸ್ ಬೋರ್ಡಿನ ಅಧ್ಯಕ್ಷನಾದ ಮೇಲೆ ಇಬ್ಬರೂ ರಾತ್ರಿ ಗಸ್ತು ತಿರುಗಿದ್ರು. ಲಾಕೆಟ್ ಹೋದ, ನಾಯಿ ಸತ್ತ ಠಾಣೆಗೂ ರೀಸ್ ಅವನನ್ನು ಕರೆದೊಯ್ದ. 1896ರಲ್ಲಿ ಠಾಣೆಯ ಆ ಮಲಗುವ ಕೋಣೆಗಳೆಲ್ಲ ಬಂದ್. ಮಲ್ಬರಿ ಬೆಂಡ್ ಕೆಡವಿ ಅಲ್ಲಿ 1897ರಲ್ಲಿ ಪಾರ್ಕ್ ತೆರೆದರು.

ರೀಸ್ 1914ರ ಮೇ 26ರಂದು ತೀರಿಕೊಂಡ. ತಾನು ಒಳ್ಳೆ ಫೋಟೋಗ್ರಾಫರ್ ಅಂತ ಅವನು ಎಂದೂ ಅಂದುಕೊಳ್ಳಲಿಲ್ಲ. ಗಾಜಿನ ನೆಗೆಟಿವ್‌ಗಳು ಮರೆತೇ ಹೋಗಿದ್ದವು. 1940ರ ದಶಕದಲ್ಲಿ ಅಲೆಕ್ಸಾಂಡರ್ ಆಲಂಡ್ ಎಂಬ ಫೋಟೋಗ್ರಾಫರ್ ಬೆನ್ನುಹತ್ತಿದ ಮೇಲೆ ಅವು ಸಿಕ್ಕವು, ಈಗ ನ್ಯೂಯಾರ್ಕ್ ನಗರದ ಮ್ಯೂಸಿಯಂನಲ್ಲಿವೆ. ಅದರಲ್ಲಿ ಒಂದು, ಬೇಯಾರ್ಡ್ ಸ್ಟ್ರೀಟ್‌ನ ಬಾಡಿಗೆ ಕೋಣೆ, ಒಬ್ಬೊಬ್ಬರಿಗೆ ರಾತ್ರಿಗೆ ಐದು ಸೆಂಟ್. ಮೂಟೆ, ಬೂಟು, ಪಾತ್ರೆಗಳ ನಡುವೆ ಜನ ಒತ್ತೊತ್ತಾಗಿ ಮಲಗಿದ್ದಾರೆ. ಒಬ್ಬ ಆಗ ತಾನೇ ಎಚ್ಚರಾಗಿ ಬೆಳಕಿಗೆ ಕಣ್ಣು ಕಿರಿದು ಮಾಡಿ ನಮ್ಮ ಕಡೆ ನೋಡ್ತಿದ್ದಾನೆ. ಅವನ ಹೆಸರು ಎಲ್ಲೂ ಬರೆದಿಲ್ಲ.