ಬ್ರೇಕ್ ಪೆಡಲ್ ಹಿಂದಿನ ಗಣಿತಜ್ಞ ಬ್ಲೇಸ್ ಪಾಸ್ಕಲ್

ಕಾರಿನ ಬ್ರೇಕ್ ಕೊಳವೆಯೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಆ ಗಾಳಿ ತೆಗೆಯಲು ಗ್ಯಾರೇಜುಗಳಲ್ಲಿ ವಾಡಿಕೆಯಂತೆ ಇಬ್ಬರಿರುತ್ತಾರೆ: ಪೆಡಲ್ ತುಳಿಯಲು ಒಬ್ಬ, ಚಕ್ರದ ಬಳಿಯ ನಿಪ್ಪಲ್ ಸಡಿಲಿಸಲು ಇನ್ನೊಬ್ಬ. ಇದನ್ನೇ ಮನೆಯಲ್ಲಿ ಒಬ್ಬಂಟಿಯಾಗಿಯೂ ಮಾಡಲು ಸಾಧ್ಯವಾಗಿರುವುದರ ಹಿಂದೆ 17ನೇ ಶತಮಾನದ ಫ್ರೆಂಚ್ ಚಿಂತಕ ಬ್ಲೇಸ್ ಪಾಸ್ಕಲ್‌ನ ಪರಿಶ್ರಮವಿದೆ.

1623ರ ಜೂನ್ 19ರಂದು ಕ್ಲೆರ್ಮಾಂಟ್ ಪಟ್ಟಣದಲ್ಲಿ ಜನಿಸಿದ ಪಾಸ್ಕಲ್, ಮೂರನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ. ತಂದೆಯೇ ಗುರುವಾದರು. ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ತಂದೆಗೆ ನೆರವಾಗಲು 1642ರಲ್ಲಿ ಕೂಡುವ, ಕಳೆಯುವ ಯಂತ್ರದ ರಚನೆಗೆ ತೊಡಗಿದ.

ಗಾಳಿಗೂ ಭಾರವಿದೆ ಎಂಬುದನ್ನು ಪರೀಕ್ಷಿಸುವುದು ಅವನ ಮುಂದಿನ ಹಂಬಲ. ದೇಹ ರೋಗಗ್ರಸ್ತವಾಗಿತ್ತು, ಬೆಟ್ಟವೇರುವ ಕೆಲಸ ಭಾವ ಪೆರಿಯೆಯ ಪಾಲಿಗೆ ಬಂತು. 1648ರ ಸೆಪ್ಟೆಂಬರ್ 19ರಂದು ಪ್ಯುಯ್ ದ ದೋಮ್ ಶಿಖರದಲ್ಲಿ ನಳಿಕೆಯ ಪಾದರಸ ಬುಡದಲ್ಲಿದ್ದುದಕ್ಕಿಂತ 8 ಸೆಂ.ಮೀ.ಗೂ ಹೆಚ್ಚು ಇಳಿದಿತ್ತು. ಮೇಲೇರಿದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆಂಬುದು ಸಾಬೀತಾಯಿತು.

ಬಳಿಕ ಪಾಸ್ಕಲ್ ದ್ರವಗಳತ್ತ ಹೊರಳಿದ. ಮುಚ್ಚಿದ ಪಾತ್ರೆಯ ದ್ರವವನ್ನು ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು ಸಾರಿದ. ಒಂದು ಬಾಯಿ ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದಾಗಿದ್ದರೆ, ಚಿಕ್ಕ ಬಾಯಿಯ ಕೊರಡನ್ನು ಒತ್ತುವ ಒಬ್ಬನ ಬಲ ನೂರು ಜನರ ಬಲಕ್ಕೆ ಸಾಟಿ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳ ಹೈಡ್ರಾಲಿಕ್ ಬ್ರೇಕ್ ನಡೆದದ್ದು ಇದೇ ತತ್ತ್ವದ ಮೇಲೆ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಆದ್ದರಿಂದಲೇ ಗುಳ್ಳೆಗಳಿದ್ದರೆ ತುಳಿತದ ಬಲ ಅವುಗಳನ್ನು ಅದುಮುವುದರಲ್ಲೇ ವ್ಯರ್ಥವಾಗುತ್ತದೆ.

ಒಬ್ಬರೇ ಮಾಡುವವರು ನಿಪ್ಪಲ್‌ಗೆ ಕೈ ಪಂಪ್ ಜೋಡಿಸುತ್ತಾರೆ. ಪಂಪ್ ದ್ರವವನ್ನು ಎಳೆಯುವಂತೆ ತೋರಿದರೂ, ದ್ರವದ ಡಬ್ಬಿಯ ಮೇಲಿರುವ ವಾಯುವೇ ಅದನ್ನು ಕೆಳಕ್ಕೆ ತಳ್ಳುತ್ತದೆ. ಬೆಟ್ಟದ ಪ್ರಯೋಗ ತೋರಿದ ಒತ್ತಡ ಇದೇ. ಪಂಪ್ ಇಲ್ಲದವರು ಪಾರದರ್ಶಕ ಕೊಳವೆಯ ತುದಿಯನ್ನು ಬಾಟಲಿಯ ಬ್ರೇಕ್ ದ್ರವದಲ್ಲಿ ಮುಳುಗಿಸಿ ಪೆಡಲ್ ನಿಧಾನವಾಗಿ ತುಳಿಯುತ್ತಾರೆ. ಪೆಡಲ್ ಮೇಲೇಳುವಾಗ ಗಾಳಿಯ ಬದಲು ದ್ರವವೇ ಹಿಂದಿರುಗುತ್ತದೆ. ಎರಡರಲ್ಲೂ ಡಬ್ಬಿ ಬರಿದಾಗಬಾರದು. ಬರಿದಾದರೆ ಗಾಳಿ ಮತ್ತೆ ನುಗ್ಗುತ್ತದೆ. ಕೊನೆಗೆ ನಿಪ್ಪಲ್ ಬಿಗಿಮಾಡಿ, ಪೆಡಲ್ ಗಟ್ಟಿಯಾಗದ ಹೊರತು ಕಾರು ರಸ್ತೆಗಿಳಿಸುವಂತಿಲ್ಲ.

1654ರಲ್ಲಿ ಪಾಸ್ಕಲ್‌ನ ಮನಸ್ಸು ಧರ್ಮದತ್ತ ಹೊರಳಿತು. ಆದರೂ 1662ರಲ್ಲಿ, ಐದು ಸೋಲ್ ದರದಲ್ಲಿ ಜನರನ್ನು ಸಾಗಿಸುವ ಕುದುರೆಗಾಡಿಗಳ ಸೇವೆಯನ್ನು ಪ್ಯಾರಿಸ್‌ನಲ್ಲಿ ಆರಂಭಿಸಲು ಕಾರಣನಾದ. ಅದೇ ಆಗಸ್ಟ್ 19ರಂದು, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ದ್ರವಗಳ ಕುರಿತ ಗ್ರಂಥ ಅಚ್ಚಾದದ್ದು ಮರುವರ್ಷ, 1663ರಲ್ಲಿ. 1971ರಲ್ಲಿ ಒತ್ತಡದ ಮಾನಕ್ಕೆ ಅವನ ಹೆಸರಿಡಲಾಯಿತು. ಬೆಟ್ಟ ಹತ್ತಲು ಇನ್ನೊಬ್ಬರನ್ನು ನೆಚ್ಚಬೇಕಾಗಿದ್ದವನ ನಿಯಮವೇ ಒಬ್ಬಂಟಿ ಪಾದಕ್ಕೆ ಭಾರೀ ಕಾರನ್ನು ನಿಲ್ಲಿಸುವ ಬಲ ನೀಡಿದೆ.