ಮಾತು ತೆಗೆದು ಪಿಟೀಲು ತಂದ ಕಾರಂತರು

ಕಡಬದಲ್ಲಿ ಆಟ ಇದ್ದ ರಾತ್ರಿ ನಮ್ಮ ಮನೆಯ ಜಗಲಿಗೆ ಮೊದಲು ಮುಟ್ಟುವುದು ಚೆಂಡೆ. ಮೈಕ್ ಇದ್ದರೂ ಗುಡ್ಡ ದಾಟುವಷ್ಟರಲ್ಲಿ ಭಾಗವತರ ಪದ ಕರಗಿ, ಪೆಟ್ಟು ಮಾತ್ರ ಉಳಿಯುತ್ತದೆ. ರಂಗಸ್ಥಳದ ಎದುರು ಕುಳಿತಾಗಲೂ ಪದ ಸರಿಯಾಗಿ ತಿಳಿಯದಿದ್ದರೆ ನಮಗೇನೂ ಚಿಂತೆಯಿಲ್ಲ. ಆಮೇಲೆ ವೇಷಧಾರಿ ಅರ್ಥ ಹೇಳುತ್ತಾನಲ್ಲ! ಆ ಅರ್ಥವನ್ನೇ ತೆಗೆದುಬಿಟ್ಟರೆ ಪದ ಒಂದೇ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ನೋಡಿದವರು ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು. ಆಗ ನಮ್ಮ ಕಡಬವೂ ಪುತ್ತೂರು ತಾಲೂಕೇ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯ ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜು ಬಿಟ್ಟರು. ಪದವಿ ಇಲ್ಲದ ಅವರಿಗೆ ಮುಂದೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು. (ಫೈಲು ಹಿಡಿದು ಸಂದರ್ಶನಕ್ಕೆ ಅಲೆಯುವ ನನಗೆ ಇದನ್ನು ಓದಿದಾಗ ಸ್ವಲ್ಪ ಹೊಟ್ಟೆಯುರಿದದ್ದು ಸುಳ್ಳಲ್ಲ.) ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ನಾಟಕ, ಕುಣಿತ ಕಲಿಸಿದರು. ಕಾದಂಬರಿಗಳ ಸಂಗತಿ ಎಲ್ಲರಿಗೂ ಗೊತ್ತಿದೆ, ಬಿಡಿ.

ಯಕ್ಷಗಾನದ ಹಳೆಯ ಪ್ರಸಂಗಗಳಲ್ಲಿ ಪ್ರತಿ ಪದದ ತಲೆಯ ಮೇಲೆ ರಾಗ, ತಾಳದ ಹೆಸರು ಇರುತ್ತದೆ. ಅದು ಅಲಂಕಾರಕ್ಕೆ ಬರೆದದ್ದಲ್ಲ ಎಂಬುದು ಕಾರಂತರ ನಂಬಿಕೆ. ಯಾವ ಭಾವಕ್ಕೆ ಯಾವ ರಾಗ ಎಂಬ ವಿವೇಚನೆ ಹೋದರೆ ಅಳುವ ಪದವೂ ಯುದ್ಧದ ಪದದಂತೆಯೇ ಕೇಳುತ್ತದೆ. ವರ್ಷಗಟ್ಟಲೆ ಹುಡುಕಾಡಿ ಅವರು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪುಸ್ತಕಕ್ಕೆ ಅವರು ನಿಲ್ಲಲಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಮಾತು ತೆಗೆದು, ಹಾಡು ಮತ್ತು ಕುಣಿತದಲ್ಲೇ ಕಥೆ ಹೇಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದರು. ಕಾಡಿನಲ್ಲಿ ನಳ ಬಿಟ್ಟುಹೋದ ದಮಯಂತಿಯನ್ನೇ ನೆನೆಯಿರಿ. ಮೇಳದ ಆಟದಲ್ಲಿ ಅವಳು ತನ್ನ ಗೋಳನ್ನು ಮಾತಿನಲ್ಲೂ ತೋಡಿಕೊಳ್ಳುತ್ತಾಳೆ. ಮಾತಿಲ್ಲದಿದ್ದರೆ ಆ ಗೋಳನ್ನೆಲ್ಲ ಭಾಗವತರ ಕಂಠವೇ ಹೊರಬೇಕು. ಚೆಂಡೆಯ ನಾದ ಪೆಟ್ಟಿನೊಂದಿಗೇ ಮುಗಿಯುತ್ತದೆ. ಪಿಟೀಲಿನ ಕಮಾನು ಹಾಗಲ್ಲ, ಭಾಗವತರು ಉಸಿರು ತೆಗೆದುಕೊಳ್ಳುವಾಗಲೂ ರಾಗವನ್ನು ಎಳೆದು ಹಿಡಿದುಕೊಳ್ಳಬಲ್ಲದು. ಸ್ಯಾಕ್ಸೊಫೋನ್ ಅಂತೂ ನಮ್ಮ ಮದುವೆ ಚಪ್ಪರಗಳಲ್ಲೇ ಕೇಳಿದ ವಾದ್ಯ.

ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಯಕ್ಷಗಾನ ಕೆಡಿಸಿದರು ಎಂದವರು ಅನೇಕರು. ತಾಳಮದ್ದಳೆಯಲ್ಲಿ ಬರೀ ಮಾತು ಕೇಳಲೆಂದೇ ರಾತ್ರಿ ಕೂರುವ ಊರು ನಮ್ಮದು. ಮಾತೇ ಇಲ್ಲದ ಆಟ ಇಲ್ಲಿ ಹೇಗೆ ರುಚಿಸೀತು? ನನಗೂ ಒಳ್ಳೆಯ ಅರ್ಥಗಾರಿಕೆ ಬಿಟ್ಟುಕೊಡಲು ಮನಸ್ಸಿಲ್ಲ. ಆದರೆ ಅರ್ಥ ಬರುತ್ತದಲ್ಲ ಎಂದು ಪದದ ಹೊತ್ತಿಗೆ ಚರುಮುರಿ ಅಂಗಡಿಗೆ ಎದ್ದುಹೋಗುತ್ತಿದ್ದವರಲ್ಲಿ ನಾನೂ ಒಬ್ಬ.

ಕಾರಂತರ ತಂಡ ವಿದೇಶಗಳಿಗೂ ಹೋಗಿ ಬಂತು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ನಮ್ಮ ಕಡೆಯ ಮೇಳಗಳ ಹಿಮ್ಮೇಳದಲ್ಲಿ ಪಿಟೀಲಿಗೆ ಜಾಗ ಸಿಗಲಿಲ್ಲ. ಈಗ ಆಟಕ್ಕೆ ಹೋದಾಗ ಪದ ಮುಗಿಯುವವರೆಗೆ ನಾನು ಚರುಮುರಿಗೆ ಏಳುವುದಿಲ್ಲ.